ಉತ್ತರಕ್ಕೆ ವಾರಸುದಾರರು ಯಾರು? – ಮುಂಬಯಿಯಲ್ಲಿ ವಿದ್ವಾಂಸರೂ ಜನರೂ ಕೂಡಿ ನಡೆಸಿದ ಸಂಶೋಧನೆ



ನೀರು, ವಸತಿ, ಕಸ, ಕಡಲು, ಕಾಡು ಇವುಗಳ ಕುರಿತ ಸಂಶೋಧನೆಯನ್ನು ವಿಶ್ವವಿದ್ಯಾಲಯದವರು ಒಂಟಿಯಾಗಿ ಮಾಡಲಾಗದು, ಆ ಸಮಸ್ಯೆಯ ನಡುವೆ ಬದುಕುತ್ತಿರುವವರನ್ನು ಕೂಡಿಸಿಕೊಂಡೇ ಮಾಡಬೇಕು ಎಂಬ ಮಾತನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. 1987ರ ಬ್ರಂಟ್‌ಲ್ಯಾಂಡ್ ವರದಿ ಸುಸ್ಥಿರ ಅಭಿವೃದ್ಧಿಯ ಕಲ್ಪನೆಯನ್ನು ಸರ್ಕಾರಗಳ ಮುಂದಿಟ್ಟಿತು. 1994ರಲ್ಲಿ ಮೈಕೆಲ್ ಗಿಬನ್ಸ್ ಮತ್ತು ಸಂಗಡಿಗರು, ಜ್ಞಾನ ಈಗ ವಿಶ್ವವಿದ್ಯಾಲಯದ ಗೋಡೆಗಳಾಚೆ, ಅದು ಬಳಕೆಯಾಗುವ ಜಾಗದಲ್ಲೇ ಹುಟ್ಟುತ್ತಿದೆ ಎಂದು ವಾದಿಸಿದರು. ಆಮೇಲೆ ಕೈಪಿಡಿಗಳ ಸುಗ್ಗಿಯೇ ಬಂತು. ಜನರ ವಿಶ್ವಾಸ ಗಳಿಸಿ, ಅವರ ಮಾತು ಕೇಳಿ, ಪ್ರಶ್ನೆಯನ್ನು ಅವರ ಜೊತೆ ಕೂತು ರೂಪಿಸಿ, ಫಲಿತಾಂಶವನ್ನು ಅವರಿಗೆ ಹಿಂದಿರುಗಿಸಿ ಎಂದು ಅವು ಬೋಧಿಸುತ್ತವೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಈ ಬೋಧನೆಯ ಕೇಂದ್ರದಲ್ಲಿರುವುದು ಸಂಶೋಧಕನ ನಡತೆ ಮಾತ್ರ. ಸಂಶೋಧನೆ ನಡೆಯುವ ಊರು, ಅಲ್ಲಿನ ನೆಲದ ಒಡೆತನ, ಅಲ್ಲಿನ ಕಾನೂನು, ಕಚೇರಿಗಳ ಗಡಿ, ಕಾಲದ ಒತ್ತಡ ಇವೆಲ್ಲ ಹಿನ್ನೆಲೆಯ ಪರದೆಯಾಗಿಬಿಡುತ್ತವೆ. ವರದಿಯ ಮೊದಲ ಅಧ್ಯಾಯದಲ್ಲಿ ಅವುಗಳ ವರ್ಣನೆ ಬರುತ್ತದೆ. ಎರಡನೆಯ ಅಧ್ಯಾಯದಿಂದ ಅವು ಕಣ್ಮರೆಯಾಗುತ್ತವೆ.

ನನ್ನ ವಾದ ಇದಕ್ಕೆ ವಿರುದ್ಧವಾದದ್ದು. ಸಂದರ್ಭ ಪರದೆಯಲ್ಲ, ಅದು ಸಂಶೋಧನೆಯ ಒಬ್ಬ ಕರ್ತೃ. ಯಾರ ಪ್ರಶ್ನೆ ಪ್ರಶ್ನೆಯೆನಿಸಿಕೊಳ್ಳುತ್ತದೆ ಎಂಬುದನ್ನು ಅದು ತೀರ್ಮಾನಿಸುತ್ತದೆ. ಯಾವ ತಿಳಿವು ಸಾಕ್ಷ್ಯವೆನಿಸುತ್ತದೆ ಎಂಬುದನ್ನೂ ತೀರ್ಮಾನಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಿಕ್ಕ ಉತ್ತರವನ್ನು ಕೈಗೆತ್ತಿಕೊಂಡು ಅದಕ್ಕೆ ಹೊಣೆಯಾಗುವ ವಾರಸುದಾರ ಇದ್ದಾನೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸುತ್ತದೆ. ವಾರಸುದಾರನಿಲ್ಲದ ಕಡೆ ಎಷ್ಟೇ ಪ್ರಾಮಾಣಿಕವಾಗಿ ಜನರ ಜೊತೆ ದುಡಿದರೂ ಫಲ ಪತ್ರಿಕೆಯ ಪುಟದಲ್ಲಿ ನಿಂತುಬಿಡುತ್ತದೆ. ವಾರಸುದಾರನಿದ್ದ ಕಡೆ ಸಾಧಾರಣ ವಿಧಾನದ ಒಂದು ಎಣಿಕೆಯೂ ನಗರದ ನೀತಿಯನ್ನು ಕದಲಿಸುತ್ತದೆ. ಇದನ್ನು ಮುಂಬಯಿಯ ಕೆಲವು ನಿಜ ಪ್ರಸಂಗಗಳಿಂದ ತೋರಿಸುವುದು, ಬಳಿಕ ಎದುರಾಗುವ ಆಕ್ಷೇಪಗಳಿಗೆ ಉತ್ತರಿಸುವುದು ಈ ಉಪನ್ಯಾಸದ ಉದ್ದೇಶ.

ಈ ನಗರದಲ್ಲಿ ತಜ್ಞರ ಮತ್ತು ನಿವಾಸಿಗಳ ಸಂಬಂಧದ ಚರಿತ್ರೆ ಶುರುವಾಗುವುದು ಸಹಭಾಗಿತ್ವದಿಂದಲ್ಲ. 1896ರಲ್ಲಿ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಆಡಳಿತ ಮನೆಮನೆಗೆ ನುಗ್ಗಿತು, ಹೆಂಚು ತೆಗೆಸಿ ಬೆಳಕು ಬಿಡಿಸಿತು, ವಾಸಕ್ಕೆ ಅಯೋಗ್ಯವೆಂದು ಗೋಡೆಗಳ ಮೇಲೆ ಗುರುತು ಹಾಕಿತು. 1898ರಲ್ಲಿ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಮೊದಲ ಎರಡು ದಶಕಗಳಲ್ಲಿ ತಾನು ಕೆಡವಿದಷ್ಟು ಮನೆಗಳನ್ನು ಕಟ್ಟಲಿಲ್ಲ. ಗಾಳಿ ಬೆಳಕಿನ ಅಗತ್ಯದ ಬಗ್ಗೆ ತಜ್ಞರ ತಿಳಿವಳಿಕೆ ಸುಳ್ಳಾಗಿರಲಿಲ್ಲ; ಆದರೆ ಕೆಲಸಕ್ಕೆ ನಡೆದು ಹೋಗುವ ದೂರ, ಬಾಡಿಗೆಯ ಭಾರ, ಒಂದೇ ಊರಿನವರು ಒಂದೇ ಚಾಳಿನಲ್ಲಿರುವ ಅನಿವಾರ್ಯ ಇವು ಯಾವುವೂ ಸಾಕ್ಷ್ಯದ ಪಟ್ಟಿಯಲ್ಲಿರಲಿಲ್ಲ. 1919ರಲ್ಲಿ ಬಾಂಬೆ ವಿಶ್ವವಿದ್ಯಾಲಯ ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರದ ವಿಭಾಗ ತೆರೆದು ಪ್ಯಾಟ್ರಿಕ್ ಗೆಡಿಸ್ ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಸಿಕೊಂಡಿತು. ಯೋಜನೆಗೆ ಮುಂಚೆ ಸಮೀಕ್ಷೆ, ಚಿಕಿತ್ಸೆಗೆ ಮುಂಚೆ ನಿದಾನ ಎಂಬುದು ಅವರ ನಿಲುವು. ಓಣಿಗಳಲ್ಲಿ ಕಾಲ್ನಡಿಗೆಯಿಂದ ಸುತ್ತಿ, ಕೆಡವುವುದನ್ನು ಆದಷ್ಟು ಕಡಿಮೆ ಮಾಡಬೇಕೆಂದು ಅವರು ಹೇಳುತ್ತಿದ್ದರು. 1924ರಲ್ಲಿ ಗೆಡಿಸ್ ಹೊರಟರು, ವಿಭಾಗ ಜಿ. ಎಸ್. ಘುರ್ಯೆ ಅವರ ಕೈಗೆ ಬಂತು, ಪೌರಶಾಸ್ತ್ರ ಕ್ರಮೇಣ ಹಿಂದೆ ಸರಿಯಿತು. ಒಬ್ಬ ವ್ಯಕ್ತಿಯ ದೃಷ್ಟಿ ಎಷ್ಟೇ ಉದಾರವಾಗಿದ್ದರೂ ಅದನ್ನು ಮುಂದುವರಿಸುವ ವ್ಯವಸ್ಥೆ ನಗರದಲ್ಲಿಲ್ಲದಿದ್ದರೆ ಅದು ಅವರ ಜೊತೆಗೇ ಹೊರಟುಹೋಗುತ್ತದೆ.

ವಿಶ್ವವಿದ್ಯಾಲಯದ ಹೊರಗೆ ಇನ್ನೊಂದು ಎಳೆ ಬೆಳೆಯಿತು. 1920ರ ದಶಕದಲ್ಲಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕನ್ ಪಾದ್ರಿ ಬೈಕುಲಾದ ಪಕ್ಕದ ನಾಗಪಾಡಾದಲ್ಲಿ ನೇಬರ್‌ಹುಡ್ ಹೌಸ್ ಕಟ್ಟಿದರು. ಅಲ್ಲಿನ ಅನುಭವದಿಂದ 1936ರಲ್ಲಿ ಸಮಾಜಕಾರ್ಯದ ಶಾಲೆಯೊಂದು ಹುಟ್ಟಿತು. ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ, ಅಂದರೆ ಟಿಸ್, ಅದೇ. ಸುಮಾರು ಅರ್ಧ ಶತಮಾನದ ಬಳಿಕ, 1984ರಲ್ಲಿ, ಅದೇ ನಾಗಪಾಡಾ ಕೇಂದ್ರದಲ್ಲಿ ದುಡಿಯುತ್ತಿದ್ದ ಶೀಲಾ ಪಟೇಲ್ ಮತ್ತು ಕೆಲವರು ಹೊರಬಂದು ಸ್ಪಾರ್ಕ್ ಎಂಬ ಸಂಸ್ಥೆ ಕಟ್ಟಿದರು. ಒಂದೇ ಮನೆಯಿಂದ ಒಮ್ಮೆ ವಿದ್ಯಾಸಂಸ್ಥೆ ಹೊರಟಿತು, ಇನ್ನೊಮ್ಮೆ ಫುಟ್‌ಪಾತಿನ ಹೆಂಗಸರ ಸಂಘಟನೆಗೆ ಹೆಗಲು ಕೊಟ್ಟ ಸಂಸ್ಥೆ ಹೊರಟಿತು. ಬದಲಾದದ್ದು ಸುತ್ತಣ ಸಂದರ್ಭ.

ಆ ಸಂದರ್ಭ ಏನೆಂದು ನೋಡೋಣ. 1981ರ ಮಳೆಗಾಲದಲ್ಲಿ ಆಗಿನ ಮುಖ್ಯಮಂತ್ರಿ ಎ. ಆರ್. ಅಂತುಲೆ ಫುಟ್‌ಪಾತ್ ವಾಸಿಗಳನ್ನು ಎತ್ತಂಗಡಿ ಮಾಡುವುದಾಗಿ ಘೋಷಿಸಿದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1985ರ ಜುಲೈಯಲ್ಲಿ ಬಂದ ಓಲ್ಗಾ ಟೆಲಿಸ್ ಪ್ರಕರಣದ ತೀರ್ಪು ಜೀವನೋಪಾಯದ ಹಕ್ಕು ಬದುಕುವ ಹಕ್ಕಿನ ಭಾಗವೆಂದು ಎತ್ತಿಹಿಡಿಯಿತು. ಜೊತೆಗೇ, ನೋಟಿಸು ಕೊಟ್ಟು ತೆರವು ಮಾಡಲು ಪಾಲಿಕೆಗೆ ಅವಕಾಶವನ್ನೂ ಉಳಿಸಿತು. 1976ರ ಗಣತಿಯಲ್ಲಿ ಸೇರಿ ಫೋಟೋಪಾಸ್ ಪಡೆದಿದ್ದ ಜೋಪಡಪಟ್ಟಿಯವರಿಗೆ ಬದಲಿ ಜಾಗದ ಆಸರೆಯಿತ್ತು. ಫುಟ್‌ಪಾತಿನವರನ್ನು ಆ ಗಣತಿ ಎಣಿಸಿಯೇ ಇರಲಿಲ್ಲ. ಸರ್ಕಾರದ ಕಣ್ಣಿಗೆ ಅವರು ಸಂಖ್ಯೆಯಾಗಿಯೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ಸ್ಪಾರ್ಕ್ ಮತ್ತು ಫುಟ್‌ಪಾತಿನ ಹೆಂಗಸರು ಕೂಡಿ ನಾಗಪಾಡಾ ಇರುವ ಇ ವಾರ್ಡಿನಲ್ಲಿ ತಮ್ಮದೇ ಗಣತಿ ನಡೆಸಿದರು. ‘ವಿ, ದ ಇನ್‌ವಿಸಿಬಲ್’ ಎಂಬ ಹೆಸರಿನಲ್ಲಿ 1985ರಲ್ಲಿ ಅದು ಹೊರಬಂತು. ಈ ಜನ ನಿನ್ನೆ ಮೊನ್ನೆ ಬಂದ ಅಲೆಮಾರಿಗಳಲ್ಲ, ಬಹುಕಾಲದಿಂದ ಇಲ್ಲೇ ನೆಲೆಸಿ ಹತ್ತಿರದ ಕೆಲಸಕ್ಕೆ ನಡೆದೇ ಹೋಗುವ ದುಡಿಮೆಗಾರರು ಎಂಬುದು ಅದರ ಸಾರ. ಆ ಪ್ರಯತ್ನದಿಂದ ಮಹಿಳಾ ಮಿಲನ್ ಎಂಬ ಹೆಂಗಸರ ಸಂಘಟನೆ ಹುಟ್ಟಿತು. ನಮ್ಮ ಕೋಲಾರದ ಚಿನ್ನದ ಗಣಿಯ ಊರಲ್ಲಿ ಹುಟ್ಟಿ ಮುಂಬಯಿಯ ಜನತಾ ಕಾಲನಿಯಲ್ಲಿ ನಾಯಕನಾಗಿ ಬೆಳೆದ ಜೋಕಿನ್ ಅರ್ಪುತಂ ಅವರ ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟ ಇದಕ್ಕೆ ಜೊತೆಯಾಯಿತು.

ವಿಧಾನದ ದೃಷ್ಟಿಯಿಂದ ಇದು ಅದ್ಭುತವೇನಲ್ಲ. ಪ್ರಶ್ನಾವಳಿ ಹಿಡಿದು ಬೀದಿ ಸುತ್ತುವುದು ಯಾವ ಪದವಿ ವಿದ್ಯಾರ್ಥಿಗೂ ಗೊತ್ತು. ಆದರೂ ಅದು ನಾಟಿತು. ನ್ಯಾಯಾಲಯದ ತೀರ್ಪು ಒಂದು ತೂತನ್ನು ಬಿಟ್ಟಿತ್ತು: ಎಣಿಕೆಗೆ ಸಿಕ್ಕವರಿಗೆ ಆಸರೆ, ಸಿಗದವರಿಗಿಲ್ಲ. ಗಣತಿ ಆ ತೂತಿಗೆ ನೇರವಾಗಿ ಹೊಂದುವ ಉತ್ತರವಾಗಿತ್ತು. ಸಂಖ್ಯೆಯೇ ಆಡಳಿತದ ಭಾಷೆಯಾಗಿದ್ದ ಊರಿನಲ್ಲಿ ಜನ ಅದೇ ಭಾಷೆಯಲ್ಲಿ ಮಾತಾಡಿದರು. ಇದೇ ಕೆಲಸ ಆಮೇಲೆ ರೈಲು ಹಳಿಗಳ ಪಕ್ಕದ ಗುಡಿಸಲುಗಳಿಗೆ ಹಬ್ಬಿದಾಗ ಅದಕ್ಕೆ ಇನ್ನೂ ಬಲವಾದ ವಾರಸುದಾರ ಸಿಕ್ಕಿದ. ಲೋಕಲ್ ರೈಲುಗಳು ವೇಗವಾಗಿ ಓಡಬೇಕಾದರೆ ಹಳಿಯ ಅಂಚು ತೆರವಾಗಬೇಕು. ವಿಶ್ವಬ್ಯಾಂಕಿನ ನೆರವು ಬೇಕಾದರೆ ಪುನರ್ವಸತಿ ಕಡ್ಡಾಯ. ಹೀಗಾಗಿ ಜನ ಮಾಡಿದ ಮನೆವಾರು ಪಟ್ಟಿ ರೈಲ್ವೆಗೆ, ರಾಜ್ಯ ಸರ್ಕಾರಕ್ಕೆ, ಸಾಲ ಕೊಡುವವರಿಗೆ ಏಕಕಾಲಕ್ಕೆ ಅಗತ್ಯವಾಯಿತು. ಮುಂಬಯಿ ನಗರ ಸಾರಿಗೆ ಯೋಜನೆಯಡಿ ಸಾವಿರಾರು ಕುಟುಂಬಗಳು ಬುಲ್‌ಡೋಜರಿಲ್ಲದೆ ಸ್ಥಳಾಂತರಗೊಂಡವು. ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ ಈ ಪ್ರಯೋಗವನ್ನು ಆಳದ ಪ್ರಜಾಪ್ರಭುತ್ವ ಎಂದು ಕರೆದು ಬರೆದ ಲೇಖನದಿಂದ ಅದು ಜಗತ್ತಿಗೆ ಪರಿಚಯವಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ವಾದ ಸುಲಭವಾಗುತ್ತಿತ್ತು. ಸ್ಥಳಾಂತರಗೊಂಡವರು ಹೋದದ್ದು ಬಹುಪಾಲು ಮಾನಖುರ್ದ್, ಗೋವಂಡಿಯ ಕಡೆಗೆ, 225 ಚದರಡಿಯ ಕೋಣೆಗಳ ಏಳಂತಸ್ತಿನ ಸಾಲುಗಳಿಗೆ. ಕಟ್ಟಡಗಳ ನಡುವೆ ಬಿಸಿಲು ಇಳಿಯದಷ್ಟು ಇಕ್ಕಟ್ಟು. ಡಾಕ್ಟರ್ಸ್ ಫಾರ್ ಯೂ ಎಂಬ ವೈದ್ಯರ ಸಂಸ್ಥೆ ಮತ್ತು ಪೊವಾಯಿಯ ಐಐಟಿಯ ಸಂಶೋಧಕರು ಲಲ್ಲೂಭಾಯಿ ಕಾಂಪೌಂಡ್, ನಟವರ್ ಪಾರೇಖ್ ಕಾಂಪೌಂಡ್ ಮುಂತಾದ ಕಾಲನಿಗಳಲ್ಲಿ ಮನೆಗಳ ಗಾಳಿ ಬೆಳಕನ್ನೂ ಕ್ಷಯರೋಗದ ಹರಡುವಿಕೆಯನ್ನೂ ಜೋಡಿಸಿ ನೋಡಿದರು. ಬೆಳಕು ಕಡಿಮೆಯಿರುವ ಕೆಳಗಿನ ಮಹಡಿಗಳಲ್ಲಿ ರೋಗದ ಹೊರೆ ಹೆಚ್ಚೆಂಬುದು 2018ರಲ್ಲಿ ಸಾರ್ವಜನಿಕ ಚರ್ಚೆಗೆ ಬಂತು. ಪ್ಲೇಗಿನ ಕಾಲದಲ್ಲಿ ತಜ್ಞರ ಗಾಳಿ ಬೆಳಕಿನ ಮಾತು ನಡೆಯಿತು, ಜನರ ನೆಲೆಯ ಮಾತು ಉಳಿದುಹೋಯಿತು; 1985ರ ಬಳಿಕ ಜನರ ನೆಲೆಯ ಮಾತು ನಡೆಯಿತು, ಗಾಳಿ ಬೆಳಕಿನ ಮಾತು ಉಳಿದುಹೋಯಿತು. 1985ರ ಸಹಭಾಗಿತ್ವದ ಪ್ರಶ್ನೆ ನೆಲೆಯದ್ದು. ತೆರವಿನ ಭೀತಿ ಅದನ್ನು ರೂಪಿಸಿತ್ತು. ಆ ಭೀತಿಯಲ್ಲಿ ಬಿಸಿಲಿನ ಕೋನವನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಸಂದರ್ಭ ಒಂದು ಪ್ರಶ್ನೆಗೆ ಬಾಗಿಲು ತೆರೆಯುವಾಗಲೇ ಇನ್ನೊಂದಕ್ಕೆ ಮುಚ್ಚುತ್ತದೆ. ಆದ್ದರಿಂದ ಗೆದ್ದ ಸಹಭಾಗಿತ್ವವನ್ನೂ ಯಾವ ಪ್ರಶ್ನೆಯನ್ನು ಅದು ಕೇಳಲಾರದೆ ಹೋಯಿತು ಎಂದು ಪರೀಕ್ಷಿಸಬೇಕು.

ಇದಕ್ಕೆ ಎದುರಾಗಿ ಕೌಲಾ ಬಂದರಿನ ಪ್ರಸಂಗವಿದೆ. ಪೂರ್ವದ ಕಡಲಂಚಿನಲ್ಲಿ, ಆಗಿನ ಬಂದರು ಟ್ರಸ್ಟಿನ ನೆಲದ ಮೇಲಿದ್ದ ಈ ವಸತಿಯನ್ನು ಪಾಲಿಕೆ ಅಧಿಕೃತ ಕೊಳೆಗೇರಿಯೆಂದು ಘೋಷಿಸಿರಲಿಲ್ಲ. 2001ರಲ್ಲಿ ಅಪ್ಪಾದುರೈ ಸ್ಥಾಪಿಸಿದ ಪುಕಾರ್ ಸಂಸ್ಥೆ ಅಲ್ಲಿನ ತರುಣ ತರುಣಿಯರನ್ನೇ ಬರಿಗಾಲ ಸಂಶೋಧಕರನ್ನಾಗಿ ತರಬೇತುಗೊಳಿಸಿ, ಹಾರ್ವರ್ಡಿನ ವೈದ್ಯ ಸಂಶೋಧಕರ ಜೊತೆಗೂಡಿ ನೀರಿನ ಗುಣ, ಪ್ರಮಾಣ, ಬೆಲೆಗಳನ್ನು ಅಳೆಯಿತು. ಪಾಲಿಕೆಯ ನಳ್ಳಿಯಿಲ್ಲದ ಈ ಜನ ಖಾಸಗಿಯವರ ಪೈಪಿನ ನೀರಿಗೆ ಅಧಿಕೃತ ದರದ ಹಲವು ಪಟ್ಟು ತೆರುತ್ತಿದ್ದರು, ಮನೆಯೊಳಗೆ ತುಂಬಿಟ್ಟ ನೀರು ಕಲುಷಿತವಾಗುತ್ತಿತ್ತು ಎಂಬುದನ್ನು 2012 ಮತ್ತು 2013ರಲ್ಲಿ ಹೊರಬಂದ ಲೇಖನಗಳು ನಿಖರವಾಗಿ ತೋರಿಸಿದವು. ವಿಧಾನದಲ್ಲಿ ಇದು 1985ರ ಗಣತಿಗಿಂತ ಬಹಳ ಮುಂದಿತ್ತು. ಸಹಭಾಗಿತ್ವವೂ ಅಷ್ಟೇ ನಿಜವಾದದ್ದು. ಆದರೂ ಅಧ್ಯಯನ ಮುಗಿದ ಕೂಡಲೇ ನಳ್ಳಿ ಬರಲಿಲ್ಲ. ನೆಲ ಕೇಂದ್ರದ್ದು, ನೀರು ಪಾಲಿಕೆಯದ್ದು, ಕೊಳೆಗೇರಿ ನೀತಿ ರಾಜ್ಯದ್ದು. ಪ್ರತಿಯೊಬ್ಬರಿಗೂ ಇನ್ನೊಬ್ಬರ ಕಡೆ ಬೆರಳು ತೋರಿಸಲು ಜಾಗವಿತ್ತು. ಉತ್ತರ ಸಿದ್ಧವಾಗಿತ್ತು, ವಾರಸುದಾರನಿರಲಿಲ್ಲ. ಕದಲಿಕೆ ಬಂದದ್ದು ಬೇರೆ ದಿಕ್ಕಿನಿಂದ: ಪಾಣೀ ಹಕ್ ಸಮಿತಿಯ ಅರ್ಜಿಯ ಮೇಲೆ 2014ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್, ವಸತಿ ಅನಧಿಕೃತವೆಂಬ ಕಾರಣಕ್ಕೆ ಕುಡಿಯುವ ನೀರನ್ನು ನಿರಾಕರಿಸುವಂತಿಲ್ಲ ಎಂದಿತು, ಎಲ್ಲರಿಗೂ ನೀರು ಎಂಬ ನೀತಿಯನ್ನು ಪಾಲಿಕೆ ಪ್ರಕಟಿಸಲು 2022 ಬರಬೇಕಾಯಿತು. ಅಧ್ಯಯನ ವ್ಯರ್ಥವಾಯಿತೆಂದು ನಾನು ಹೇಳುತ್ತಿಲ್ಲ. ಅದರ ಫಲಕ್ಕೆ ಬೇಕಿದ್ದ ವಾರಸುದಾರನನ್ನು ನ್ಯಾಯಾಲಯ ಮತ್ತು ಚಳವಳಿ ಕೂಡಿ ಸೃಷ್ಟಿಸಬೇಕಾಯಿತು ಎಂಬುದಷ್ಟೇ ನನ್ನ ಮಾತು.

ಸಂಸ್ಥೆ ಎಲ್ಲಿ ಕೂತಿದೆ ಎಂಬುದೂ ಸಂದರ್ಭದ ಭಾಗವೇ. ದೇವನಾರದ ಕಸದ ಗುಡ್ಡ 1927ರಿಂದ ಬೆಳೆಯುತ್ತ ಬಂದದ್ದು. ಟಿಸ್ ದೇವನಾರಕ್ಕೆ ಬಂದದ್ದು 1954ರಲ್ಲಿ. ಇವೆರಡೂ ಇರುವ ಎಂ ಪೂರ್ವ ವಾರ್ಡು ಇಡೀ ಮುಂಬಯಿಯಲ್ಲಿ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ತೀರ ಕೆಳಗಿದೆ ಎಂದು 2009ರ ಮುಂಬಯಿ ಮಾನವ ಅಭಿವೃದ್ಧಿ ವರದಿ ಹೇಳಿತು. 2011ರಲ್ಲಿ, ತನ್ನ ಎಪ್ಪತ್ತೈದನೆಯ ವರ್ಷದಲ್ಲಿ, ಟಿಸ್ ಈ ವಾರ್ಡಿನಲ್ಲೇ ದೀರ್ಘಾವಧಿಯ ಯೋಜನೆಯೊಂದನ್ನು ಕೈಗೆತ್ತಿಕೊಂಡು ಸ್ಥಳೀಯ ಯುವಕರ ಜೊತೆ ಸಮೀಕ್ಷೆ ನಡೆಸಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನೆರೆಯವನಾಗಿದ್ದ ಸಂಸ್ಥೆಗೆ ನೆರೆಮನೆ ಸಂಶೋಧನೆಯ ವಿಷಯವಾಗಲು ಇಷ್ಟು ಸಮಯ ಹಿಡಿಯಿತು. ಹತ್ತಿರವಿದ್ದ ಮಾತ್ರಕ್ಕೆ ಸಹಭಾಗಿತ್ವ ಹುಟ್ಟುವುದಿಲ್ಲ; ಸಂಸ್ಥೆ ತನ್ನ ಸ್ಥಾನವನ್ನು ತಾನೇ ಪ್ರಶ್ನೆಯಾಗಿ ನೋಡಿದಾಗ ಹುಟ್ಟುತ್ತದೆ. ಅದೇ ಆಸುಪಾಸಿನ ಇನ್ನೊಂದು ಸಂಸ್ಥೆ ಭಾಭಾ ಅಣು ಸಂಶೋಧನಾ ಕೇಂದ್ರ. 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಅದರ ಪಕ್ಕದ ಜನತಾ ಕಾಲನಿಯನ್ನು ಕೆಡವಿ ಜನರನ್ನು ಚೀತಾ ಕ್ಯಾಂಪಿಗೆ ಸಾಗಿಸಲಾಯಿತು. ಅದೇ ಕೇಂದ್ರದ ವಿಜ್ಞಾನಿ ಶರದ್ ಕಾಳೆ ಮುಂದೆ ನಿಸರ್ಗಋಣ ಎಂಬ ಜೈವಿಕ ಅನಿಲ ಘಟಕವನ್ನು ರೂಪಿಸಿದರು. 1975ರಲ್ಲಿ ಹುಟ್ಟಿದ ಸ್ತ್ರೀ ಮುಕ್ತಿ ಸಂಘಟನೆಯ ಪರಿಸರ ವಿಕಾಸ್ ಕಾರ್ಯಕ್ರಮದ ಚಿಂದಿ ಆಯುವ ಹೆಂಗಸರು ಅಂಥ ಘಟಕಗಳನ್ನು ನಡೆಸಲು ಕಲಿತರು. ಅಡುಗೆಮನೆಯ ಹಸಿಕಸ ಘಟಕಕ್ಕೆ ಆಗುತ್ತದೆ. ತೆಂಗಿನ ಚಿಪ್ಪು, ಮೂಳೆ, ಪ್ಲಾಸ್ಟಿಕ್ ಸೇರಿದರೆ ಕೆಡುತ್ತದೆ. ಕಸದೊಳಗೆ ಕೈಯಿಟ್ಟು ಬೇರ್ಪಡಿಸುವ ತಿಳಿವಳಿಕೆ ಯಾರ ಬಳಿಯಿತ್ತೋ ಅವರಿಲ್ಲದೆ ಯಂತ್ರ ಓಡುವಂತಿರಲಿಲ್ಲ. ಒಂದೇ ಸಂಸ್ಥೆ, ಒಂದೇ ಬಗೆಯ ಬಡವರು. ಭೂಮಿಯ ಪ್ರಶ್ನೆಯಲ್ಲಿ ಅವರು ಅಡ್ಡಿ, ಕಸದ ಪ್ರಶ್ನೆಯಲ್ಲಿ ಅವರು ಅಗತ್ಯ. ಆ ವ್ಯತ್ಯಾಸ ವಿಜ್ಞಾನಿಗಳ ಮನಸ್ಸಿನಿಂದ ಬಂದದ್ದಲ್ಲ. ಯಾವ ವಿಷಯದಲ್ಲಿ ಯಾರಿಗೆ ಯಾರ ಅಗತ್ಯವಿತ್ತು ಎಂಬುದರಿಂದ ಬಂದದ್ದು.

ಕಾಡು ಮತ್ತು ಕಡಲಿನ ಎರಡು ಪ್ರಸಂಗಗಳು ಇದನ್ನೇ ಬೇರೆ ಬೆಳಕಿನಲ್ಲಿ ತೋರಿಸುತ್ತವೆ. ಸುಮಾರು 104 ಚದರ ಕಿಲೋಮೀಟರಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ 2004ರಲ್ಲಿ ಚಿರತೆ ದಾಳಿಗಳು ಹೆಚ್ಚಿ ಹಲವರು ಸತ್ತರು. ಬೋನಿಟ್ಟು ಹಿಡಿದು ಬೇರೆಡೆ ಬಿಡುವುದೇ ಪರಿಹಾರವೆಂದು ಜನ ಒತ್ತಾಯಿಸುತ್ತಿದ್ದರು. ಜುನ್ನರ್ ಭಾಗದಲ್ಲಿ ಕೆಲಸ ಮಾಡಿದ್ದ ವನ್ಯಜೀವಿ ಸಂಶೋಧಕಿ ವಿದ್ಯಾ ಅತ್ರೇಯರ ಅಧ್ಯಯನ, ಹಾಗೆ ಹಿಡಿದು ಬಿಡುವುದೇ ಸಂಘರ್ಷವನ್ನು ಹೆಚ್ಚಿಸುತ್ತದೆ ಎನ್ನುತ್ತಿತ್ತು. 2011ರಲ್ಲಿ ಅರಣ್ಯ ಇಲಾಖೆಯೇ ಸಂಶೋಧಕರು, ನಾಗರಿಕರು, ಪತ್ರಕರ್ತರನ್ನು ಸೇರಿಸಿ ‘ಮುಂಬಯಿಕರ್ಸ್ ಫಾರ್ ಎಸ್‌ಜಿಎನ್‌ಪಿ’ ಆರಂಭಿಸಿತು. 2015ರ ಕ್ಯಾಮೆರಾ ಅಧ್ಯಯನದಲ್ಲಿ ಅಲ್ಲಿ 35 ಚಿರತೆಗಳು ಗುರುತಿಗೆ ಸಿಕ್ಕವು. ಕಸ, ಬೀದಿನಾಯಿ, ಚಿರತೆ ಇವುಗಳ ಕೊಂಡಿ ಸಾರ್ವಜನಿಕ ತಿಳಿವಾಯಿತು. ಹುಲಿ ಚಿರತೆಗಳ ದೈವವಾದ ವಾಘೋಬಾನನ್ನು ಪೂಜಿಸುವ ವಾರಲಿ ಆದಿವಾಸಿ ಪಾಡಾಗಳ ಸಹಬಾಳ್ವೆಯ ಮಾತಿಗೆ ಬೆಲೆ ಬಂತು. ಇಲ್ಲಿ ಪ್ರಶ್ನೆ ಕೇಳಿದ ಇಲಾಖೆಯೇ ಉತ್ತರದ ವಾರಸುದಾರನೂ ಆಗಿದ್ದುದರಿಂದ ಕೆಲಸ ಬೇಗ ಸಾಗಿತು. ಆದರೆ ಅದೇ ಉದ್ಯಾನದಲ್ಲಿ, ಪರಿಸರ ಸಂಘಟನೆಯೊಂದರ ಅರ್ಜಿಯ ಮೇಲೆ 1997ರಲ್ಲಿ ಹೈಕೋರ್ಟ್ ಗುಡಿಸಲುಗಳ ತೆರವಿಗೆ ಆದೇಶ ನೀಡಿತ್ತು. ಚಿರತೆಯ ವಿಷಯದಲ್ಲಿ ಜ್ಞಾನಿಗಳಾದವರು ವಸತಿಯ ವಿಷಯ ಬಂದಾಗ ಅತಿಕ್ರಮಣಕಾರರ ಸಾಲಿಗೇ ಸೇರುತ್ತಾರೆ. ಇಲಾಖೆ ಕರೆದ ಸಹಭಾಗಿತ್ವ ಇಲಾಖೆಯ ಪ್ರಶ್ನೆಗಷ್ಟೇ ಕಿವಿಗೊಡುತ್ತದೆ.

ವರಳಿ ಕೋಳಿವಾಡದ ಮೀನುಗಾರರನ್ನು ಯಾರೂ ಹಾಗೆ ಕರೆಯಲಿಲ್ಲ. ಕೋಸ್ಟಲ್ ರೋಡನ್ನು ಸೀ ಲಿಂಕಿಗೆ ಕೂಡಿಸುವ ಸೇತುವೆಯ ಕಂಬಗಳ ನಡುವೆ 60 ಮೀಟರ್ ಅಂತರ ಸಾಕೆಂದು ನಕ್ಷೆ ಹೇಳಿತು. ಗಾಳಿ, ಸೆಳೆತ, ಎದುರುಬದುರು ಬರುವ ದೋಣಿಗಳ ಲೆಕ್ಕ ಬಲ್ಲ ಮೀನುಗಾರರು, ಕ್ಲೀವ್‌ಲ್ಯಾಂಡ್ ಬಂದರಿನಿಂದ ಹೊರಡುವ ದಾರಿಯಲ್ಲಿ ಅದು ಅಪಾಯ ಎಂದರು. ಕಾಗದದ ಮೇಲಿನ ಆಕ್ಷೇಪವಾಗಿದ್ದಷ್ಟು ಕಾಲ ಅದು ಅಭಿಪ್ರಾಯ. ದೋಣಿ ಅಡ್ಡ ನಿಲ್ಲಿಸಿ ಕಾಮಗಾರಿ ತಡೆದ ಮೇಲೆ ಅದು ತಾಂತ್ರಿಕ ಪ್ರಶ್ನೆಯಾಯಿತು. 2022ರ ಡಿಸೆಂಬರಿನಲ್ಲಿ ಅಂತರವನ್ನು 120 ಮೀಟರಿಗೆ ಏರಿಸಲು ಸರ್ಕಾರ ಒಪ್ಪಿತು. ಮೀನುಗಾರರ ತಿಳಿವಳಿಕೆ ಮೊದಲೂ ಅದೇ, ಕೊನೆಗೂ ಅದೇ. ಬದಲಾದದ್ದು ಅದನ್ನು ನಿರ್ಲಕ್ಷಿಸಿದರೆ ತೆರಬೇಕಾದ ಬೆಲೆ. ಇದು ಸಂಶೋಧನೆಯೇ ಅಲ್ಲ, ಚಳವಳಿ ಎನ್ನಬಹುದು. ಜನರ ತಿಳಿವು ಸಾಕ್ಷ್ಯವಾಗಲು ಚಳವಳಿಯೇ ಬೇಕಾದ ಕಡೆ, ಸಂಶೋಧನೆ ತನ್ನ ಕೆಲಸವನ್ನು ತಡವಾಗಿ ಆರಂಭಿಸಿದೆ ಎಂದು ನಾನು ಅರ್ಥ ಮಾಡುತ್ತೇನೆ.

ಜನರ ತಿಳಿವಿಗೆ ಬೆಲೆ ಬರಲು ಇಷ್ಟು ಹೆಣಗಬೇಕಾದ ಮುಂಬಯಿಯ ಈ ಗುಣ ಎಲ್ಲ ಕಡೆಯದಲ್ಲ ಎಂಬುದಕ್ಕೆ ಉತ್ತರ ಕನ್ನಡದ ಒಂದು ಉದಾಹರಣೆ ಸಾಕು. 1970ರ ದಶಕದಲ್ಲಿ ಬುಟ್ಟಿ ಹೆಣೆಯುವ ಮೇದಾರರು ಬಿದಿರು ಬರಿದಾಗುತ್ತಿದೆಯೆಂದು ದೂರಿದಾಗ ಕರ್ನಾಟಕ ಸರ್ಕಾರ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರಿಗೆ ಅಧ್ಯಯನ ಒಪ್ಪಿಸಿತು. ದಾಂಡೇಲಿಯ ಕಾಗದದ ಕಾರ್ಖಾನೆಗಾಗಿ ಬಿದಿರು ಕಡಿಯುವಾಗ ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ಸವರಿ ಹಾಕುವುದು ಒಳ್ಳೆಯದೆಂದು ಅರಣ್ಯಶಾಸ್ತ್ರ ನಂಬಿತ್ತು. ಹೊದಿಕೆ ಹೋದರೆ ಎಳೆಯ ಕಳಲೆ ದನಕರು, ಕಾಡುಪ್ರಾಣಿಗಳ ಬಾಯಿಗೆ ಬೀಳುತ್ತದೆ ಎಂದು ಹಳ್ಳಿಗರು ಹೇಳಿದರು. ಅಳೆದು ನೋಡಿದಾಗ ಹಳ್ಳಿಗರ ಮಾತೇ ನಿಂತಿತು. ಅಲ್ಲಿ ಬಿದಿರಿನ ಮೆಳೆ ಎಲ್ಲರ ಕಣ್ಣೆದುರು ಇತ್ತು, ಯಾರು ಸರಿ ಎಂಬುದನ್ನು ಗಿಡವೇ ತೋರಿಸಿತು. ಮುಂಬಯಿಯಲ್ಲಿ ಸಾಕ್ಷ್ಯವನ್ನು ತೂಗುವುದು ಅಷ್ಟರಲ್ಲಿ ಮುಗಿಯದು. 1995ರ ಮೊದಲು ಬಂದವರು, 2000ದ ಮೊದಲು ಬಂದವರು, 2011ರ ಮೊದಲು ಬಂದವರು ಎಂದು ಪುನರ್ವಸತಿಯ ಗಡುವಿನ ದಿನಾಂಕಗಳೇ ಮನುಷ್ಯರನ್ನು ವಿಂಗಡಿಸುತ್ತವೆ. ಇಲ್ಲಿ ಪ್ರಶ್ನಾವಳಿಯ ಒಂದು ಖಾನೆ, ‘ಎಷ್ಟು ವರ್ಷದಿಂದ ಇಲ್ಲಿದ್ದೀರಿ’, ಸಂಶೋಧಕನಿಗೆ ಮಾಹಿತಿ. ಉತ್ತರಿಸುವವಳಿಗೆ ಮನೆ ಉಳಿಯುವುದೋ ಹೋಗುವುದೋ ಎಂಬ ಪ್ರಶ್ನೆ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು ಇಲ್ಲಿಂದಲೇ ಏಳುತ್ತದೆ: ತಮ್ಮನ್ನು ತಾವೇ ಎಣಿಸಿಕೊಳ್ಳುವವರಿಗೆ ಸಂಖ್ಯೆಯನ್ನು ಹಿಗ್ಗಿಸುವ ಆಸಕ್ತಿ ಇರುತ್ತದಲ್ಲ, ಅದು ವಿಜ್ಞಾನ ಹೇಗಾದೀತು? ಆಸಕ್ತಿ ಇರುವುದು ನಿಜ. ಆದರೆ ಎಣಿಸದೆ ಬಿಡುವುದರಲ್ಲಿ ಆಡಳಿತಕ್ಕೂ ಆಸಕ್ತಿ ಇರುತ್ತದೆ. 1976ರ ಗಣತಿ ಫುಟ್‌ಪಾತನ್ನು ಬಿಟ್ಟದ್ದು ಮಾಪನದ ದೋಷವಲ್ಲ, ನಿರ್ಧಾರ. ನಿರಾಸಕ್ತ ಎಣಿಕೆ ಸಿಗದ ಕಡೆ ವಿಜ್ಞಾನ ಮಾಡಬಹುದಾದದ್ದು ಆಸಕ್ತಿಗಳನ್ನು ಬಯಲಿಗೆ ತರುವುದು, ಪಟ್ಟಿಯನ್ನು ಅದೇ ಬೀದಿಯಲ್ಲಿ ಓದಿ ನೆರೆಹೊರೆಯವರಿಂದ ತಿದ್ದಿಸುವುದು, ಎರಡು ವಿರುದ್ಧ ಪಕ್ಷಗಳ ಲೆಕ್ಕವನ್ನು ಎದುರುಬದುರು ಇಡುವುದು. ಒಳಗಿನವರ ತಪ್ಪು ಒಳಗಿನವರಿಗೇ ಬೇಗ ಕಾಣುತ್ತದೆ. ಇಲ್ಲದ ಗುಡಿಸಲನ್ನು ಇದೆಯೆಂದು ಪಕ್ಕದವಳ ಎದುರು ಹೇಳುವುದು ಸುಲಭವಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಎಲ್ಲವೂ ಸಂದರ್ಭವೇ ಆದರೆ ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಉಪಯೋಗಕ್ಕೆ ಬರುವುದು ಹೇಗೆ? ಒಂದೇ ನಗರದೊಳಗೂ ವ್ಯತ್ಯಾಸ ಅಪಾರ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಬಿದ್ದಾಗ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73. ಹೀಗಿರುವಾಗ ಸಾಮಾನ್ಯೀಕರಣ ಎಂಬುದೇ ಉಳಿಯದಲ್ಲ ಎನ್ನಬಹುದು. ಆದರೆ ಅನುಭವ ಹಾಗೆ ಹೇಳುವುದಿಲ್ಲ. ಜನರೇ ನಡೆಸುವ ಮುಂಬಯಿಯ ಗಣತಿಯ ಪದ್ಧತಿ 1996ರಲ್ಲಿ ರೂಪುಗೊಂಡ ಅಂತಾರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟದ ಮೂಲಕ ಆಫ್ರಿಕ ಮತ್ತು ಏಷ್ಯದ ಅನೇಕ ನಗರಗಳಿಗೆ ಹೋಯಿತು. ಅಲ್ಲಿಗೆ ಪಯಣಿಸಿದ್ದು ಪ್ರಶ್ನಾವಳಿಯಲ್ಲ. ಇಲ್ಲಿನ ಆಡಳಿತಕ್ಕೆ ಯಾವ ಮಾಹಿತಿಯ ಕೊರತೆ ಇದೆ, ಅದನ್ನು ತುಂಬುವುದರಿಂದ ಯಾರ ಕೈ ಬಲವಾಗುತ್ತದೆ, ನೆಲ ಯಾರದು, ಗಡುವು ಯಾವುದು ಎಂದು ಮೊದಲು ಕೇಳುವ ಅಭ್ಯಾಸ ಪಯಣಿಸಿತು. ಸಂದರ್ಭವನ್ನು ಗಂಭೀರವಾಗಿ ತೆಗೆದುಕೊಂಡರೆ ಸಾಮಾನ್ಯ ತತ್ವ ಮಾಯವಾಗುವುದಿಲ್ಲ; ಅದು ಉತ್ತರಗಳ ಮಟ್ಟದಿಂದ ಪ್ರಶ್ನೆಗಳ ಮಟ್ಟಕ್ಕೆ ಸರಿಯುತ್ತದೆ.

ಮೂರನೆಯ ಆಕ್ಷೇಪ: ‘ಜನ’ ಎಂಬುದು ಒಂದೇ ದನಿಯಲ್ಲ. ಜೋಪಡಪಟ್ಟಿಯಲ್ಲಿ ಮನೆ ಮಾಲೀಕ ಇದ್ದಾನೆ, ಬಾಡಿಗೆದಾರ ಇದ್ದಾನೆ. ಕೋಳಿವಾಡದಲ್ಲಿ ದೋಣಿಯ ಒಡೆಯರಿದ್ದಾರೆ, ಮೀನು ಮಾರುವ ಹೆಂಗಸರಿದ್ದಾರೆ. ಸಂಘಟನೆಯ ನಾಯಕ ಹೇಳಿದ್ದೇ ಎಲ್ಲರ ಮಾತೆಂದು ಒಪ್ಪಿದರೆ ಸಂಶೋಧಕ ಹೊಸದೊಂದು ದಬ್ಬಾಳಿಕೆಗೆ ಮುದ್ರೆ ಒತ್ತಿದಂತೆ. ಈ ಆಕ್ಷೇಪವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ, ಮತ್ತು ಅದು ನನ್ನ ವಾದವನ್ನು ಬಲಪಡಿಸುತ್ತದೆ ಎನ್ನುತ್ತೇನೆ. ಯಾರು ಮಾತಾಡಬಲ್ಲರು ಎಂಬುದನ್ನೂ ಗಡುವು, ಒಡೆತನ, ಭಾಷೆಗಳೇ ತೀರ್ಮಾನಿಸುತ್ತವೆ. ಪಾಲಿಕೆಯೇ ಕನ್ನಡ ಸೇರಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸುವ ಊರಿದು. ಹಿಂದಿ ಮರಾಠಿಯಲ್ಲಷ್ಟೇ ನಡೆದ ಸಮೀಕ್ಷೆಯಲ್ಲಿ ಕಲಬುರ್ಗಿ, ವಿಜಯಪುರದ ಕಡೆಯಿಂದ ಬಂದ ಕಟ್ಟಡ ಕೆಲಸದ ಹೆಂಗಸಿನ ಉತ್ತರ ಅವಳ ಗಂಡನ ಬಾಯಿಂದಲೋ ಮೇಸ್ತ್ರಿಯ ಬಾಯಿಂದಲೋ ಬರುವುದು ಸಹಜ. ನಾಲ್ಕನೆಯ ಆಕ್ಷೇಪ ಇದಕ್ಕೆ ಹೊಂದಿಕೊಂಡೇ ಇದೆ: ಸರ್ಕಾರ ಮಾಡಬೇಕಾದ ಎಣಿಕೆ, ಅಳತೆ, ಕಸ ವಿಂಗಡಣೆಗಳನ್ನು ಬಡವರ ಬಿಟ್ಟಿ ದುಡಿಮೆಯಿಂದ ಮಾಡಿಸಿ ಅದಕ್ಕೆ ಸಹಭಾಗಿತ್ವವೆಂಬ ಚೆಂದದ ಹೆಸರಿಡುತ್ತಿದ್ದೇವಲ್ಲ? ಇಡುವುದುಂಟು. ವಾರಸುದಾರನನ್ನು ಹುಡುಕುವುದು ಎಂದರೆ ಹೊಣೆಯನ್ನು ಜನರ ತಲೆಗೆ ವರ್ಗಾಯಿಸುವುದಲ್ಲ, ಹೊಣೆಗಾರನನ್ನು ಹೆಸರಿಸುವುದು ಎಂದು ನಾನು ಒತ್ತಿ ಹೇಳುವುದು ಆ ಕಾರಣಕ್ಕೇ.

ಇದೆಲ್ಲದರಿಂದ ವಿಶ್ವವಿದ್ಯಾಲಯಗಳಿಗೆ ಕೆಲವು ನೇರ ಕರ್ತವ್ಯಗಳು ಹುಟ್ಟುತ್ತವೆ. ಸಂದರ್ಭದ ಅಧ್ಯಯನ ಪೀಠಿಕೆಯಲ್ಲ, ಸಂಶೋಧನೆಯ ಮೊದಲ ಹಂತ; ನೆಲದ ಒಡೆಯ, ಅನ್ವಯವಾಗುವ ಗಡುವು, ಅಧಿಕಾರದ ಗಡಿಗಳು, ಉತ್ತರ ಬೇಕಾದವರು, ಅದು ಬೇಡವಾದವರು ಇವರನ್ನೆಲ್ಲ ಗುರುತಿಸಿದ ಮೇಲೆಯೇ ಪ್ರಶ್ನಾವಳಿ ಅಚ್ಚಾಗಬೇಕು. ವಾರಸುದಾರನಿಲ್ಲದ ಕಡೆ ಅದನ್ನು ಪ್ರಾಮಾಣಿಕವಾಗಿ ಜನರಿಗೆ ಮೊದಲೇ ಹೇಳಬೇಕು. ವಕೀಲರನ್ನೋ, ವಾರ್ಡ್ ಕಚೇರಿಯನ್ನೋ, ಸಂಘಟನೆಯನ್ನೋ ಆರಂಭದಿಂದಲೇ ಜೊತೆಗಿಟ್ಟುಕೊಂಡು ವಾರಸುದಾರನನ್ನು ಕಟ್ಟಬೇಕು. ದುಡಿದ ಸ್ಥಳೀಯರಿಗೆ ಸಂಬಳ ಮತ್ತು ಲೇಖನದಲ್ಲಿ ಹೆಸರು ಎರಡೂ ಸಲ್ಲಬೇಕು. ಮೂರು ವರ್ಷದ ಪಿಎಚ್‌ಡಿಗೂ ಮೂವತ್ತು ವರ್ಷದ ವಸತಿಯ ಹೋರಾಟಕ್ಕೂ ಕಾಲಮಾನ ಬೇರೆ. ಆ ಅಂತರವನ್ನು ವಿದ್ಯಾರ್ಥಿ ತುಂಬಲಾರ, ಸಂಸ್ಥೆ ತುಂಬಬೇಕು. ದತ್ತಾಂಶ ಆ ವಸತಿಯ ಭಾಷೆಯಲ್ಲಿ, ಆ ವಸತಿಯವರ ಕೈಯಲ್ಲೂ ಉಳಿಯಬೇಕು, ಮತ್ತು ಅದು ಅವರನ್ನೇ ಹೊರಹಾಕಲು ಬಳಕೆಯಾಗದಂತೆ ಏನನ್ನು ಬರೆಯಬಾರದು ಎಂಬುದನ್ನೂ ಅವರೊಡನೆ ಕೂತು ನಿರ್ಧರಿಸಬೇಕು.

ಮುಂಬಯಿಯ ಕನ್ನಡ ಸಂಸ್ಥೆಗಳಿಗೆ ಇದು ಹೊರಗಿನ ಮಾತಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥವು ಕಡಲಿನ ದುಡಿಮೆಯನ್ನು ಬಲ್ಲ ಸಮುದಾಯದವು. ಹೋಟೆಲು, ಕಾರ್ಖಾನೆಗಳಲ್ಲಿ ದುಡಿಯುವ ಹುಡುಗರಿಗಾಗಿ ಕನ್ನಡಿಗರು ನಡೆಸಿದ ರಾತ್ರಿಶಾಲೆಗಳಲ್ಲಿ ಓದಿದವರೂ ದುಡಿಯುವವರೂ ಒಂದೇ ಸೂರಿನಡಿ ಕೂತಿದ್ದರು. ವಿಶ್ವವಿದ್ಯಾಲಯದ ಕನ್ನಡ ವಿಭಾಗ ಈ ಚರಿತ್ರೆಯನ್ನು ದಾಖಲಿಸುವುದರ ಜೊತೆಗೆ, ಇಂದು ನಗರದ ಅಂಚಿನಲ್ಲಿರುವ ಕನ್ನಡದ ಕೂಲಿಕಾರರ ನೀರು, ಮನೆ, ಆರೋಗ್ಯಗಳ ಬಗ್ಗೆ ಅವರೊಡನೆ ಕೂಡಿ ಪ್ರಶ್ನೆ ರೂಪಿಸಬಹುದು. ಆ ಕೆಲಸಕ್ಕೆ ಭಾಷೆ ನಮ್ಮ ಬಳಿ ಇದೆ; ಉತ್ತರವನ್ನು ಯಾವ ಕಚೇರಿಯ ಮುಂದೆ, ಯಾರ ಜೊತೆ ನಿಂತು ಇಡಬೇಕು ಎಂಬುದನ್ನು ಮೊದಲ ದಿನವೇ ನಿರ್ಧರಿಸಿಕೊಂಡು ಹೊರಟರೆ ನಮ್ಮ ಸಂಶೋಧನೆ ಈ ಊರಿಗೆ ಉಪಯೋಗಕ್ಕೆ ಬರುತ್ತದೆ.